ಆರು ವರ್ಷ ಗುರುತು ಕೇಳದ ಪ್ರೋಗ್ರಾಂ: ಹಾಸನದ ಒಂದು ವೇಬ್ರಿಡ್ಜ್ ಕಂಪ್ಯೂಟರ್‌ನ ಟಿಎಲ್‌ಎಸ್ ಪ್ರಕರಣ

ಹಾಸನದ ಹೊರವಲಯದಲ್ಲಿ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್. ಸಕಲೇಶಪುರ, ಬೇಲೂರು, ಆಲೂರು ಕಡೆಯಿಂದ ಪಾರ್ಚ್‌ಮೆಂಟ್, ಚೆರ್ರಿ ಹೇರಿಕೊಂಡು ಬರುವ ಲಾರಿ, ಪಿಕಪ್‌ಗಳೆಲ್ಲ ಮೊದಲು ವೇಬ್ರಿಡ್ಜ್ ಹತ್ತಬೇಕು. ಪಕ್ಕದ ಕೋಣೆಯ ಕಂಪ್ಯೂಟರ್‌ನಲ್ಲಿರುವ ಪೈಥಾನ್ ಪ್ರೋಗ್ರಾಂ ಒಂದು ಸೀರಿಯಲ್ ಕೇಬಲ್ ಮೂಲಕ ತೂಕವನ್ನು ಓದುತ್ತದೆ, ಚೀಟಿ ಮುದ್ರಿಸುತ್ತದೆ, ಅದೇ ವಿವರವನ್ನು ಬೆಂಗಳೂರಿನಲ್ಲಿರುವ ಸರ್ವರ್‌ಗೆ ಟಿಎಲ್‌ಎಸ್ ಸಂಪರ್ಕದಲ್ಲಿ, ಅಂದರೆ ಮಾತನ್ನು ಗೂಢಲಿಪಿಯಲ್ಲಿ ಒಯ್ಯುವ, ಎದುರಿನವರ ಗುರುತನ್ನೂ ಪರಿಶೀಲಿಸಬಲ್ಲ ಸಂಪರ್ಕದಲ್ಲಿ ಕಳಿಸುತ್ತದೆ. ಸಂಪರ್ಕ ಸಿಕ್ಕ ಕೂಡಲೇ ಹೋಗುವ ಮೊದಲ ಸಾಲು ಗುಪ್ತ ಟೋಕನ್, ಪಾಸ್‌ವರ್ಡ್‌ನಂಥದು. ಆಮೇಲೆ ಚೀಟಿಗೊಂದು ಸಾಲು. ರಾತ್ರಿ 8ಕ್ಕೆ ದಿನದ ಒಟ್ಟು ಲೆಕ್ಕ ಇಮೇಲ್‌ನಲ್ಲಿ ಹೋಗುತ್ತದೆ.

ಪ್ರೋಗ್ರಾಂ ಬರೆದದ್ದು 2018ರಲ್ಲಿ, ಉಬುಂಟು 18.04 ಮತ್ತು ಪೈಥಾನ್ 3.6 ಇದ್ದ ಯಂತ್ರಕ್ಕೆ. ಆ ಉಬುಂಟುವಿನ ಸಾಮಾನ್ಯ ಬೆಂಬಲ 2023ರ ಮೇ ತಿಂಗಳಿಗೇ ಮುಗಿದಿತ್ತು. 2024ರ ನವೆಂಬರ್‌ನಲ್ಲಿ, ಹೊಸ ಮಾಲು ಬರುವ ಮುಂಚೆ, ಡಿಸ್ಕ್ ಬದಲಿಸಿ ಉಬುಂಟು 24.04 ಹಾಕಲಾಯಿತು. ಅದರೊಂದಿಗೆ ಬಂದದ್ದು ಪೈಥಾನ್ 3.12. ಮೊದಲ ಚೀಟಿಗೇ ಪ್ರೋಗ್ರಾಂ ಮಲಗಿತು.

ಸಂದೇಶ ಸ್ಪಷ್ಟವಾಗಿತ್ತು: ಪೈಥಾನ್‌ನಲ್ಲಿ ಟಿಎಲ್‌ಎಸ್ ಕೆಲಸಕ್ಕಿರುವ ಎಸ್‌ಎಸ್‌ಎಲ್ ಮಾಡ್ಯೂಲ್‌ನಲ್ಲಿ, ಸಾದಾ ಸಂಪರ್ಕಕ್ಕೆ ಟಿಎಲ್‌ಎಸ್ ಹೊದಿಸುವ ‘ರ‍್ಯಾಪ್ ಸಾಕೆಟ್’ ಎಂಬ ಫಂಕ್ಷನ್ನೇ ಇಲ್ಲ. ಮಾಡ್ಯೂಲ್ ಮಟ್ಟದ ಈ ಫಂಕ್ಷನ್ ಬಳಸಬೇಡಿ ಎಂದು ಪೈಥಾನ್ 3.7ರಿಂದಲೇ ಎಚ್ಚರಿಸುತ್ತಿದ್ದರು, 2023ರ ಅಕ್ಟೋಬರ್‌ನಲ್ಲಿ ಬಂದ 3.12ರಲ್ಲಿ ತೆಗೆದೇಬಿಟ್ಟರು. ಹುಡುಕಿದರೆ ಐದು ನಿಮಿಷದಲ್ಲಿ ಸಿಗುವ ಮದ್ದು ಎಲ್ಲರಿಗೂ ಗೊತ್ತು: ಒಂದು ಕಾಂಟೆಕ್ಸ್ಟ್ (ಟಿಎಲ್‌ಎಸ್ ಸೆಟ್ಟಿಂಗ್‌ಗಳ ಕಟ್ಟು) ಮಾಡಿ, ‘ಚೆಕ್ ಹೋಸ್ಟ್‌ನೇಮ್’ ಅನ್ನು ‘ಫಾಲ್ಸ್’ ಮಾಡಿ, ‘ವೆರಿಫೈ ಮೋಡ್’ ಅನ್ನು ‘ಸರ್ಟ್ ನನ್’ಗೆ ಇಟ್ಟುಬಿಡುವುದು, ಅಂದರೆ ಎದುರಿನವರು ಯಾರೆಂಬ ಪರಿಶೀಲನೆಯನ್ನೇ ನಿಲ್ಲಿಸುವುದು. ಮೂರು ಸಾಲು, ಪ್ರೋಗ್ರಾಂ ಓಡುತ್ತದೆ. ಮೊದಲ ದಿನ ಮಾಡಿದ್ದೂ ಅದನ್ನೇ. ಗೇಟಿನ ಹೊರಗೆ ಗಾಡಿಗಳು ಸಾಲುಗಟ್ಟಿದ್ದಾಗ ಅದನ್ನು ದೂರುವಂತಿಲ್ಲ. ಆದರೆ ಈ ಮೂರು ಸಾಲು ಹಾಕಿದ ಮೇಲೆ ಒಂದು ಪ್ರಶ್ನೆ ಉಳಿಯಿತು. ಪರಿಶೀಲನೆ ಬೇಡ ಎಂದರೆ ಹೊಸದೂ ಹಳೆಯದರ ಹಾಗೇ ಓಡುತ್ತಿದೆ; ಹಾಗಾದರೆ ಹಳೆಯದು ಪರಿಶೀಲಿಸುತ್ತಿತ್ತೇ?

ಹಳೆಯದು ಮಾಡುತ್ತಿದ್ದದ್ದು

ಇಲ್ಲ. ಹಳೆಯ ‘ರ‍್ಯಾಪ್ ಸಾಕೆಟ್’ ಏನೂ ಹೇಳದಿದ್ದರೆ, ಸರ್ವರ್ ತನ್ನ ಗುರುತಿಗೆ ತೋರಿಸುವ ಸರ್ಟಿಫಿಕೇಟ್ ನೋಡುತ್ತಲೇ ಇರಲಿಲ್ಲ. ನೋಡು ಎಂದು ಹೇಳಿದರೂ ಹೆಸರು ಹೋಲಿಸಲು ಅದಕ್ಕೆ ಬರುತ್ತಿರಲಿಲ್ಲ, ಯಾವ ಹೆಸರಿನ ಸರ್ವರ್ ಬೇಕೆಂದು ಆ ಕಡೆಗೆ ಹೇಳಲೂ ಬರುತ್ತಿರಲಿಲ್ಲ. ಗೂಢಲಿಪಿ ಇತ್ತು, ಸುಳ್ಳಲ್ಲ. ದಾರಿಯಲ್ಲಿ ಸುಮ್ಮನೆ ಕದ್ದು ನೋಡುವವನಿಗೆ ಏನೂ ಕಾಣುತ್ತಿರಲಿಲ್ಲ. ಆದರೆ ನಡುವೆ ಕೂತು ‘ನಾನೇ ಸರ್ವರ್’ ಎನ್ನುವವನೊಂದಿಗೂ ಪ್ರೋಗ್ರಾಂ ಅಷ್ಟೇ ಗಟ್ಟಿಯಾದ ಗೂಢಲಿಪಿಯಲ್ಲಿ ಮಾತಾಡಿ ಟೋಕನ್ ಒಪ್ಪಿಸುತ್ತಿತ್ತು.

ಕಾಫಿ ತರುವ ಬೆಳೆಗಾರರಿಗೆ ಇದನ್ನು ವಿವರಿಸುವುದು ಸುಲಭ. ವೇಬ್ರಿಡ್ಜ್‌ಗೆ ಕಾನೂನು ಮಾಪನ ಇಲಾಖೆಯ ಮುದ್ರೆ ಇರುತ್ತದೆ. ನಂಬಿಕೆ ಹುಟ್ಟುವುದು ಯಂತ್ರದ ಹೊಳಪಿನಿಂದಲ್ಲ, ಮುದ್ರೆ ಒತ್ತಿದವರು ಯಾರು, ಯಾವ ಯಂತ್ರಕ್ಕೆ ಒತ್ತಿದ್ದಾರೆ, ಗಡುವು ಮುಗಿದಿದೆಯೇ ಎಂಬ ಮೂರರಿಂದ. ಸರ್ಟಿಫಿಕೇಟ್‌ನಲ್ಲೂ ನೋಡಬೇಕಾದವು ಇವೇ: ಸಹಿಯ ಸರಪಳಿ, ಹೆಸರು, ದಿನಾಂಕ. ಪೈಥಾನ್‌ನ ಕೆಳಗೆ ಟಿಎಲ್‌ಎಸ್ ನಡೆಸುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿ ಇವನ್ನು ಹೆಚ್ಚುಕಡಿಮೆ ಇದೇ ಕ್ರಮದಲ್ಲಿ ನೋಡುತ್ತದೆ, ಮೊದಲ ತಪ್ಪಿಗೇ ನಿಲ್ಲುತ್ತದೆ. ಒಂದು ತಪ್ಪು ಸರಿಮಾಡಿದರೆ ಇನ್ನೊಂದು ತಲೆಯೆತ್ತುವುದು ಅದಕ್ಕೇ. ಈ ಪ್ರಕರಣದಲ್ಲಿ ಈರುಳ್ಳಿ ಸುಲಿದ ಹಾಗೆ ಒಂದರ ಹಿಂದೊಂದು ಬಂದವು.

ಹೊಸ ಆರಂಭ

ಸಂಪರ್ಕ ಶುರುಮಾಡುವ ಭಾಗವನ್ನು ಹೊಸದಾಗಿ ಬರೆಯಲಾಯಿತು. ಫಂಕ್ಷನ್ ಹೆಸರುಗಳನ್ನು ಇಲ್ಲಿ ಬಿಡಿಸಿ ಬರೆದಿದೆ. ನಿಜದ ಕೋಡ್‌ನಲ್ಲಿ ಪದಗಳ ನಡುವೆ ಅಡಿಗೆರೆ ಬರುತ್ತದೆ. ಮೊದಲು ‘ಕ್ರಿಯೇಟ್ ಡೀಫಾಲ್ಟ್ ಕಾಂಟೆಕ್ಸ್ಟ್’ ಕರೆದು ಒಂದು ಕಾಂಟೆಕ್ಸ್ಟ್ ಮಾಡುವುದು. ಪ್ರೋಗ್ರಾಂ ಶುರುವಾದಾಗ ಒಮ್ಮೆ ಮಾಡಿದರೆ ಸಾಕು, ಚೀಟಿಗೊಂದು ಬೇಡ. ಸರ್ಟಿಫಿಕೇಟ್ ಕಡ್ಡಾಯ, ಹೆಸರಿನ ಹೋಲಿಕೆ ಕಡ್ಡಾಯ, ನಂಬಿಕೆಯ ಪಟ್ಟಿ ಸಿಸ್ಟಮ್‌ನದು, ಇಷ್ಟು ತಾನಾಗಿ ಬರುತ್ತದೆ. ಪೈಥಾನ್ 3.10ರ ನಂತರ ಕನಿಷ್ಠ ಆವೃತ್ತಿಯೂ ಟಿಎಲ್‌ಎಸ್ 1.2. ಆಮೇಲೆ ಸಾಕೆಟ್ ಮಾಡ್ಯೂಲ್‌ನ ‘ಕ್ರಿಯೇಟ್ ಕನೆಕ್ಷನ್’. ಇದು ಬರೀ ಟಿಸಿಪಿ, ಅಂದರೆ ಗೂಢಲಿಪಿಯಿಲ್ಲದ ಸಾದಾ ಸಂಪರ್ಕ. ಟೈಮ್‌ಔಟ್ 10 ಸೆಕೆಂಡ್. ಕೊನೆಗೆ ಅದೇ ಕಾಂಟೆಕ್ಸ್ಟ್‌ನ ‘ರ‍್ಯಾಪ್ ಸಾಕೆಟ್’. ಹೆಸರು ಅದೇ ಆದರೂ ಇದು ಬೇರೆ. ‘ಸರ್ವರ್ ಹೋಸ್ಟ್‌ನೇಮ್’ ಎಂಬ ಮೌಲ್ಯ ಕೊಡದಿದ್ದರೆ ಮುಂದಕ್ಕೇ ಹೋಗುವುದಿಲ್ಲ.

ಆ ಒಂದು ಮೌಲ್ಯಕ್ಕೆ ಎರಡು ಕೆಲಸ. ಕ್ಲೈಂಟ್, ಅಂದರೆ ಸಂಪರ್ಕ ಕೋರುವ ಕಡೆ, ಕಳಿಸುವ ಮೊದಲ ಸಂದೇಶವಾದ ಕ್ಲೈಂಟ್ ಹಲೋದಲ್ಲಿ ಅದು ಎಸ್‌ಎನ್‌ಐ ಆಗಿ ಹೋಗುತ್ತದೆ, ‘ನನಗೆ ಇಂಥ ಹೆಸರಿನವರು ಬೇಕು’ ಎಂದು. ಸರ್ಟಿಫಿಕೇಟ್ ಬಂದ ಮೇಲೆ ಅದರೊಳಗಿನ ಹೆಸರುಗಳ ಜೊತೆ ಹೋಲಿಸಲೂ ಅದೇ ಬೇಕು.

ಮೊದಲ ಸಿಪ್ಪೆ: ಹೆಸರು

ಸೆಟ್ಟಿಂಗ್ಸ್ ಫೈಲ್‌ನಲ್ಲಿ ಇದ್ದದ್ದು ಹೆಸರಲ್ಲ, ಐಪಿ ವಿಳಾಸ. 2018ರಲ್ಲಿ ಡಿಎನ್‌ಎಸ್ (ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಸೇವೆ) ಆಗಾಗ ಕೈಕೊಡುತ್ತಿದ್ದುದರಿಂದ ಯಾರೋ ನಾಲ್ಕು ಅಂಕಿಗಳನ್ನೇ ಬರೆದಿಟ್ಟಿದ್ದರು. ಹೊಸ ಕೋಡ್‌ಗೆ ಅದೇ ಹೋಯಿತು. ಉತ್ತರ: ‘ಐಪಿ ಅಡ್ರೆಸ್ ಮಿಸ್‌ಮ್ಯಾಚ್’, ಪರಿಶೀಲನಾ ಸಂಕೇತ 64.

ಎಸ್‌ಎನ್‌ಐನಲ್ಲಿ ಐಪಿ ವಿಳಾಸ ಕಳಿಸುವಂತಿಲ್ಲ, ನಿಯಮವೇ ಹಾಗಿದೆ. ಹಾಗಾಗಿ ಕ್ಲೈಂಟ್ ಹಲೋ ಹೆಸರಿಲ್ಲದೆ ಹೋಯಿತು. ಆ ಸರ್ವರ್ ಒಂದೇ ವಿಳಾಸದಲ್ಲಿ ಎರಡು ಮೂರು ಹೆಸರುಗಳಿಗೆ ಸೇವೆ ಕೊಡುತ್ತಿತ್ತು; ಹೆಸರು ಹೇಳದವರಿಗೆ ತನ್ನ ಪಟ್ಟಿಯ ಮೊದಲ ಸರ್ಟಿಫಿಕೇಟ್ ತೋರಿಸುತ್ತಿತ್ತು. ಅದು ತೂಕದ ಲೆಕ್ಕಕ್ಕೆ ಸಂಬಂಧವೇ ಇಲ್ಲದ ಬೇರೊಂದು ವೆಬ್‌ಸೈಟ್‌ನದು. ಓಪನ್‌ಎಸ್‌ಎಸ್‌ಎಲ್ ಜೊತೆ ಬರುವ ‘ಎಸ್ ಕ್ಲೈಂಟ್’ ಎಂಬ ಪರೀಕ್ಷೆಯ ಉಪಕರಣದಲ್ಲಿ ‘ನೋ ಸರ್ವರ್‌ನೇಮ್’ ಆಯ್ಕೆ ಹಾಕಿ ನೋಡಿದಾಗ ಖಾತ್ರಿಯಾಯಿತು. ಹೆಸರು ಹೇಳದ ಹಳೆಯ ಪ್ರೋಗ್ರಾಂಗೂ ಸಿಗುತ್ತಿದ್ದದ್ದು ಇಂಥ ಬೇರೆಯವರ ಸರ್ಟಿಫಿಕೇಟೇ. ಅದನ್ನು ನೋಡಿಯೂ ನೋಡದೆ ‘ಸರಿ’ ಎನ್ನುತ್ತಿತ್ತು.

ಸೆಟ್ಟಿಂಗ್ಸ್‌ನಲ್ಲಿ ಪೂರ್ಣ ಹೆಸರು ಬರೆದದ್ದೇ ಪರಿಹಾರ. ಡಿಎನ್‌ಎಸ್ ಈಗಲೂ ತೊಂದರೆ ಕೊಟ್ಟರೆ ಟಿಸಿಪಿ ಸಂಪರ್ಕವನ್ನು ಐಪಿಗೇ ಮಾಡಿ, ‘ಸರ್ವರ್ ಹೋಸ್ಟ್‌ನೇಮ್’ನಲ್ಲಿ ಮಾತ್ರ ಹೆಸರು ಕೊಡಬಹುದು. ಎರಡೂ ಬೇರೆ ಬೇರೆ ಹೆಜ್ಜೆಯಾಗಿರುವುದರ ಅನುಕೂಲ ಅದು. ಪರಿಶೀಲನೆಗೆ ಅದರಿಂದ ಧಕ್ಕೆಯಿಲ್ಲ.

ಎರಡನೆಯದು: ಕಡಿದ ಸರಪಳಿ

ಹೆಸರು ಸರಿಯಾದ ಮೇಲೆ ಬಂದದ್ದು ‘ಅನೇಬಲ್ ಟು ಗೆಟ್ ಲೋಕಲ್ ಇಶ್ಯೂಯರ್ ಸರ್ಟಿಫಿಕೇಟ್’, ಸಂಕೇತ 20. ಇಂಥ ಹೊತ್ತಿಗೆ ಎಲ್ಲ ಕಡೆಯೂ ಕೇಳಿಬರುವ ಮಾತು ಇಲ್ಲೂ ಬಂತು: ‘ಬ್ರೌಸರ್‌ನಲ್ಲಿ ಚೆನ್ನಾಗೇ ಓಪನ್ ಆಗ್ತದಲ್ಲ ಸಾರ್?’

ಆಗುತ್ತದೆ. ಸರ್ವರ್‌ನ ಸರ್ಟಿಫಿಕೇಟ್‌ಗೆ ಮೂಲ ಪ್ರಾಧಿಕಾರ ನೇರವಾಗಿ ಸಹಿ ಹಾಕಿರುವುದಿಲ್ಲ. ನಡುವೆ ಒಂದು ಮಧ್ಯಂತರ ಸರ್ಟಿಫಿಕೇಟ್ ಇರುತ್ತದೆ. ಕ್ಲೈಂಟ್ ಬಳಿ ಇರುವುದು ಮೂಲದ್ದು ಮಾತ್ರ. ಮಧ್ಯಂತರವನ್ನು ತನ್ನದರ ಜೊತೆ ಸರ್ವರೇ ಕಳಿಸಬೇಕು. ಕಳಿಸದಿದ್ದರೆ ಬ್ರೌಸರ್‌ಗಳು ಹೇಗೋ ಸಂಭಾಳಿಸುತ್ತವೆ: ಕೆಲವು ಸರ್ಟಿಫಿಕೇಟ್‌ನೊಳಗೆ ಬರೆದ ವಿಳಾಸಕ್ಕೆ ಹೋಗಿ ಮಧ್ಯಂತರವನ್ನು ತಂದುಕೊಳ್ಳುತ್ತವೆ, ಕೆಲವು ಮೊದಲೇ ಕೂಡಿಟ್ಟುಕೊಂಡಿರುತ್ತವೆ. ಪೈಥಾನ್ ಆಗಲಿ ಅದರ ಕೆಳಗಿನ ಓಪನ್‌ಎಸ್‌ಎಸ್‌ಎಲ್ ಆಗಲಿ ಇಂಥ ಉಪಕಾರ ಮಾಡುವುದಿಲ್ಲ. ಬ್ರೌಸರ್‌ನಲ್ಲಿ ತೆರೆದು ನೋಡಿ ಸರ್ವರ್ ಸರಿಯಿದೆ ಎಂದು ತೀರ್ಮಾನಿಸುವುದು, ಕ್ಲೈಂಟ್ ಪ್ರೋಗ್ರಾಂ ಬರೆಯುವವರು ಬಿಡಬೇಕಾದ ಮೊದಲ ಅಭ್ಯಾಸ.

‘ಎಸ್ ಕ್ಲೈಂಟ್’ಗೆ ‘ಶೋ ಸರ್ಟ್ಸ್’ ಆಯ್ಕೆ ಕೊಟ್ಟಾಗ ಸರ್ವರ್ ಕಳಿಸಿದ್ದು ಒಂದೇ ಸರ್ಟಿಫಿಕೇಟ್ ಎಂದು ಕಂಡಿತು; ಕನಿಷ್ಠ ಎರಡು ಬರಬೇಕಿತ್ತು. ಈ ಉಪಕರಣದ ಬಗ್ಗೆಯೂ ಒಂದು ಮಾತು. ಅದು ಪರಿಶೀಲನೆ ಸೋತರೂ ಸಂಪರ್ಕ ಮುಂದುವರಿಸುತ್ತದೆ, ಕೇಳದೆ ಹೆಸರನ್ನೂ ಹೋಲಿಸುವುದಿಲ್ಲ. ‘ಕನೆಕ್ಟೆಡ್’ ಎಂದು ಬಂದದ್ದನ್ನು ನೋಡಿ ಹಿಗ್ಗಬಾರದು. ‘ವೆರಿಫೈ ರಿಟರ್ನ್ ಎರರ್’, ‘ವೆರಿಫೈ ಹೋಸ್ಟ್‌ನೇಮ್’ ಎರಡನ್ನೂ ಹಾಕಿ, ಕೊನೆಯಲ್ಲಿ ‘ವೆರಿಫೈ ರಿಟರ್ನ್ ಕೋಡ್’ 0 ಬಂದಿದೆಯೇ ಎಂದು ನೋಡಬೇಕು.

ತಪ್ಪು ಬೆಂಗಳೂರಿನ ಕಡೆಯದು. ಅವರ ಸರ್ಟಿಫಿಕೇಟ್, ಉಚಿತವಾಗಿ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನದು. ಅದನ್ನು ತಂದುಕೊಡುವ ಸರ್ಟ್‌ಬಾಟ್ ಪ್ರೋಗ್ರಾಂ ಒಂದೇ ಫೋಲ್ಡರ್‌ನಲ್ಲಿ ‘ಸರ್ಟ್’ ಮತ್ತು ‘ಫುಲ್‌ಚೈನ್’ ಎಂಬ ಎರಡು ಫೈಲ್ ಇಡುತ್ತದೆ. ಸರ್ವರ್‌ಗೆ ಮೊದಲನೆಯದನ್ನು ತೋರಿಸಿದ್ದರು, ಬೇಕಾದದ್ದು ಮಧ್ಯಂತರವೂ ಸೇರಿರುವ ಎರಡನೆಯದು. ಒಂದು ಸಾಲು ಬದಲಿಸಿ ರೀಲೋಡ್ ಮಾಡಲು ಎರಡು ನಿಮಿಷ, ಬದಲಿಸುವಂತೆ ಒಪ್ಪಿಸಲು ನಾಲ್ಕು ದಿನ. ಆ ನಾಲ್ಕು ದಿನದಲ್ಲಿ ಮಧ್ಯಂತರವನ್ನು ಇಲ್ಲಿನ ಯಂತ್ರದ ನಂಬಿಕೆಯ ಪಟ್ಟಿಗೇ ಸೇರಿಸಿಬಿಡೋಣ ಎಂಬ ಸಲಹೆ ಬಂತು. ಕೆಲಸವೇನೋ ನಡೆಯುತ್ತಿತ್ತು, ಹೆಚ್ಚೆಂದರೆ ಮುಂದಿನ ನವೀಕರಣದವರೆಗೆ. ಆ ಸರ್ಟಿಫಿಕೇಟ್‌ಗಳ ಆಯುಸ್ಸು ಆಗ 90 ದಿನ, ಪ್ರತಿ ಸಲವೂ ಅದೇ ಮಧ್ಯಂತರ ಸಹಿ ಹಾಕುತ್ತದೆ ಎಂಬ ಭರವಸೆಯಿಲ್ಲ. 2024ರ ಜೂನ್‌ನಲ್ಲಷ್ಟೇ ಲೆಟ್ಸ್ ಎನ್‌ಕ್ರಿಪ್ಟ್ ತನ್ನ ಮಧ್ಯಂತರಗಳನ್ನು ಬದಲಿಸಿತ್ತು. ರೋಬಸ್ಟಾ ಮಾಲು ನುಗ್ಗಿಬರುವ ಹೊತ್ತಿಗೆ ಸರಿಯಾಗಿ ಮತ್ತೆ ಸಂಕೇತ 20 ಬರುವಂತೆ ಮುಹೂರ್ತ ಇಟ್ಟ ಹಾಗಾಗುತ್ತಿತ್ತು. ಸಲಹೆಯನ್ನು ಕೈಬಿಡಲಾಯಿತು.

ಮೂರನೆಯದು: ಬೆಳಗಿನ ಕಾಯಿಲೆ

ಎಲ್ಲ ಸರಿಹೋಯಿತು ಎಂದುಕೊಂಡ ಮೇಲೆ ಒಂದು ವಿಚಿತ್ರ. ಕೆಲವು ದಿನ ಬೆಳಿಗ್ಗೆ ಮಾತ್ರ ‘ಸರ್ಟಿಫಿಕೇಟ್ ಈಸ್ ನಾಟ್ ಯೆಟ್ ವ್ಯಾಲಿಡ್’, ಸಂಕೇತ 9. ಅವಧಿ ಮುಗಿದರೆ ಬರುವುದು 10. ಒಂಬತ್ತೆಂದರೆ ಅವಧಿ ಇನ್ನೂ ಶುರುವಾಗಿಲ್ಲ, ಅಂದರೆ ಈ ಕಡೆಯ ಗಡಿಯಾರ ಹಿಂದಿದೆ. ಸರ್ವರ್ ಕಡೆ ಕೈತೋರಿಸುವ ಮೊದಲು ಗೋಡೆ ಗಡಿಯಾರ ನೋಡಬೇಕಾದ ಸಂಕೇತ ಇದು.

ಸಂಜೆ ಹೊರಡುವಾಗ ಮೇನ್ ಸ್ವಿಚ್ ಇಳಿಸಿ ಹೋಗುವುದು ಅಲ್ಲಿನ ರೂಢಿ. ಸಿಡಿಲಿನ ಭಯಕ್ಕೆ ಮಲೆನಾಡಿನ ಕಡೆ ಇದು ಹೊಸತೇನಲ್ಲ. ಮದರ್‌ಬೋರ್ಡ್‌ನ ಸಿಆರ್ 2032 ಬಿಲ್ಲೆ ಸೆಲ್ 3 ವೋಲ್ಟ್ ಇರಬೇಕಾದಲ್ಲಿ ಮೀಟರ್ ಹಿಡಿದಾಗ 2.1 ತೋರಿಸಿತು. ಕರೆಂಟ್ ಪೂರ್ತಿ ಕಡಿದ ರಾತ್ರಿಗಳಲ್ಲಿ ಗಡಿಯಾರ ತಪ್ಪುತ್ತಿತ್ತು. ಹಳೆ ಯಂತ್ರಗಳ ಹಾಗೆ ತಾರೀಖು 1970 ಎಂದು ಕಂಡಿದ್ದರೆ ಯಾರಾದರೂ ಗಮನಿಸುತ್ತಿದ್ದರು. ಆದರೆ ಗಡಿಯಾರ ತೀರಾ ಹಿಂದಕ್ಕೆ ಹೋಗಿದ್ದರೆ ಉಬುಂಟುವಿನ ಸೇವೆಗಳನ್ನು ಶುರುಮಾಡಿ ನಡೆಸುವ ಸಿಸ್ಟಮ್‌ಡಿ ಅದನ್ನು ತಾನು ಬಿಲ್ಡ್ ಆದ (ತಯಾರಾದ) ಆಸುಪಾಸಿನ ದಿನಾಂಕಕ್ಕೆ ತಂದು ನಿಲ್ಲಿಸುತ್ತದೆ. ಪರದೆಯ ಮೂಲೆಯಲ್ಲಿ ಗಂಟೆ, ನಿಮಿಷ, ನಂಬುವಂಥ ಒಂದು ತಾರೀಖು. ಅದು ತಪ್ಪಿದ್ದು ಕಣ್ಣಿಗೆ ಬಿದ್ದಿರಲಿಲ್ಲ. ಹಳೆಯ ಪ್ರೋಗ್ರಾಂ ದಿನಾಂಕವನ್ನೂ ನೋಡದ್ದರಿಂದ ಸೆಲ್ ಎಂದು ಸತ್ತಿತೋ ಹೇಳುವಂತಿಲ್ಲ. ಹಿಂದಿನ ಕೆಲವು ಚೀಟಿಗಳ ಮೇಲೂ ತಪ್ಪು ತಾರೀಖು ಸಿಕ್ಕಿತು. ಬೆಳೆಗಾರರ ಲೆಕ್ಕದ ದೃಷ್ಟಿಯಿಂದ ಇದು ಟಿಎಲ್‌ಎಸ್‌ಗಿಂತ ದೊಡ್ಡ ತಲೆನೋವು.

ಇಂಟರ್ನೆಟ್‌ನಿಂದ ಸಮಯ ಸರಿಹೋಗಬೇಕಿತ್ತಲ್ಲ? ಸಮಯ ಹೊಂದಿಸುವ ಎನ್‌ಟಿಪಿ ಹೋಗುವುದು ಯುಡಿಪಿ (ಟಿಸಿಪಿಯಲ್ಲದ ಇನ್ನೊಂದು ಬಗೆಯ ರವಾನೆ) 123ನೇ ಪೋರ್ಟ್‌ನಲ್ಲಿ. ರೂಟರ್‌ನಲ್ಲಿ ಹೊರಹೋಗುವ ಯುಡಿಪಿಯಲ್ಲಿ ಡಿಎನ್‌ಎಸ್ ಬಿಟ್ಟು ಉಳಿದದ್ದೆಲ್ಲ ಬಂದ್. ಪೋರ್ಟ್ ತೆರೆಯಲಾಯಿತು, ಸೆಲ್ ಬದಲಾಯಿತು. ‘ಸಿಸ್ಟಮ್‌ಡಿ ಟೈಮ್ ವೇಟ್ ಸಿಂಕ್’ ಸೇವೆಯನ್ನು ಚಾಲೂ ಮಾಡಿ, ಕಳಿಸುವ ಪ್ರೋಗ್ರಾಂ ‘ಟೈಮ್ ಸಿಂಕ್’ ಟಾರ್ಗೆಟ್‌ನ ನಂತರವೇ ಶುರುವಾಗುವಂತೆ ಇಡಲಾಯಿತು. ತೂಕ ಓದಿ ಚೀಟಿ ಮುದ್ರಿಸುವ ಭಾಗವನ್ನು ಮಾತ್ರ ಇದಕ್ಕೆ ಕಟ್ಟಿಹಾಕಲಿಲ್ಲ. ನೆಟ್ ಇಲ್ಲದ ಬೆಳಿಗ್ಗೆಯೂ ಲಾರಿ ತೂಗಲೇಬೇಕು. ಸಮಯ ಹೊಂದಿಕೆಯಾಗಿಲ್ಲದಿದ್ದರೆ ತಾರೀಖು ಸರಿಯಿದೆಯೇ ಎಂದು ಕ್ಲರ್ಕ್ ಒಮ್ಮೆ ಒತ್ತಿ ಒಪ್ಪಬೇಕು.

ರಾತ್ರಿಯ ಇಮೇಲ್

ಇದು ಬೇರೆಯೇ ಜಾತಿಯ ತಪ್ಪು. ಇಮೇಲ್ 587ನೇ ಪೋರ್ಟ್‌ಗೆ ಹೋಗುತ್ತಿತ್ತು. ‘ಎಲ್ಲ ಕಡೆ ಎಸ್‌ಎಸ್‌ಎಲ್ ಮಾಡಿ’ ಎಂಬ ಉತ್ಸಾಹದಲ್ಲಿ ಒಬ್ಬರು ಇಮೇಲ್ ಕಳಿಸುವ ಎಸ್‌ಎಂಟಿಪಿ ಕ್ಲಾಸ್ ತೆಗೆದು ‘ಎಸ್‌ಎಂಟಿಪಿ ಎಸ್‌ಎಸ್‌ಎಲ್’ ಹಾಕಿದರು, ಪೋರ್ಟ್ ಹಾಗೇ ಬಿಟ್ಟರು. ಬಂದ ದೂರು: ‘ರಾಂಗ್ ವರ್ಷನ್ ನಂಬರ್’. ಆವೃತ್ತಿ ಎಂಬ ಪದ ನೋಡಿ ಅರ್ಧ ದಿನ ಟಿಎಲ್‌ಎಸ್ 1.2, 1.3 ಎಂದು ಬದಲಿಸಿ ನೋಡಿದ್ದೇ ಬಂತು.

ಟಿಎಲ್‌ಎಸ್‌ನ ಪ್ರತಿ ದಾಖಲೆಯ ತಲೆ 5 ಬೈಟ್: ಮೊದಲ ಬೈಟ್ ಬಗೆ, ಮುಂದಿನ ಎರಡು ಆವೃತ್ತಿ, ಕೊನೆಯ ಎರಡು ಉದ್ದ. ಕೈಕುಲುಕುವ ಹಂತದ, ಅಂದರೆ ಎರಡೂ ಕಡೆಯವರು ಸಂಪರ್ಕ ಹೊಂದಿಸಿಕೊಳ್ಳುವ ಹಂತದ ದಾಖಲೆಯಾದರೆ ಮೊದಲ ಬೈಟ್ 22 ಇರಬೇಕು. ಆದರೆ 587ರಲ್ಲಿ ಕೂತ ಸರ್ವರ್ ಮೊದಲು ಬರೀ ಅಕ್ಷರದಲ್ಲಿ ‘220’ ಎಂದು ಸ್ವಾಗತ ಹೇಳುತ್ತದೆ. ಆ ಮೂರು ಅಕ್ಷರಗಳ ಬೈಟ್ ಬೆಲೆ 50, 50, 48. ಕ್ಲೈಂಟ್ ಅದನ್ನೇ ದಾಖಲೆಯ ತಲೆ ಎಂದು ಓದಿ, ಆವೃತ್ತಿಯ ಜಾಗದಲ್ಲಿ 50, 48 ಕಂಡು ಗಾಬರಿಯಾಗುತ್ತದೆ. ಈ ಸಂದೇಶ ಬಂದರೆ ಹತ್ತಕ್ಕೆ ಒಂಬತ್ತು ಸಲ ಆವೃತ್ತಿಯದಲ್ಲ, ತಪ್ಪು ಬಾಗಿಲಿನ ಸಮಸ್ಯೆ. 465ನೇ ಪೋರ್ಟ್‌ನಲ್ಲಿ ಮೊದಲ ಬೈಟ್‌ನಿಂದಲೇ ಟಿಎಲ್‌ಎಸ್. 587ರಲ್ಲಿ ಮೊದಲು ಸಾದಾ ಮಾತು, ಆಮೇಲೆ ‘ಸ್ಟಾರ್ಟ್‌ಟಿಎಲ್‌ಎಸ್’ ಎಂದು ಕೇಳಿ ಒಪ್ಪಿಗೆ ಪಡೆದು ಅದೇ ಸಂಪರ್ಕವನ್ನು ಟಿಎಲ್‌ಎಸ್‌ಗೆ ಏರಿಸುವುದು.

ಹಳೆಯ ಕ್ಲಾಸ್‌ಗೇ ಮರಳಿದಾಗ ಇನ್ನೆರಡು ಹುಳುಕು ಕಂಡವು. ‘ಸ್ಟಾರ್ಟ್‌ಟಿಎಲ್‌ಎಸ್’ ಕರೆಗೆ ಕಾಂಟೆಕ್ಸ್ಟ್ ಕೊಡದಿದ್ದರೆ ಪೈಥಾನ್ 3.12ರಲ್ಲೂ ಅದು ಸರ್ಟಿಫಿಕೇಟ್ ಪರಿಶೀಲಿಸುವುದಿಲ್ಲ. ‘ರ‍್ಯಾಪ್ ಸಾಕೆಟ್’ ಹಾಗೆ ಮುರಿದು ಬಿದ್ದು ಎಚ್ಚರಿಸುವುದೂ ಇಲ್ಲ. ಮೇಲೆ ಮಾಡಿಟ್ಟ ಅದೇ ಕಾಂಟೆಕ್ಸ್ಟ್ ಅನ್ನು ಕೈಯಾರೆ ಕೊಡಬೇಕು. ಇನ್ನೊಂದು, ಆ ಕರೆಯ ಸುತ್ತ ಹಾಕಿದ್ದ ‘ಟ್ರೈ’, ‘ಎಕ್ಸೆಪ್ಟ್’, ‘ಪಾಸ್’. ಸರ್ವರ್ ‘ನನಗೆ ಸ್ಟಾರ್ಟ್‌ಟಿಎಲ್‌ಎಸ್ ಬರುವುದಿಲ್ಲ’ ಎಂದರೆ ಪ್ರೋಗ್ರಾಂ ತಪ್ಪನ್ನು ನುಂಗಿಕೊಂಡು, ಮುಂದಿನ ಸಾಲಿನಲ್ಲಿ ಪಾಸ್‌ವರ್ಡ್ ಅನ್ನು ಸಾದಾ ಅಕ್ಷರದಲ್ಲೇ ಕಳಿಸಲು ಹೋಗುತ್ತಿತ್ತು. ನಡುವೆ ಕೂತವನು ಆ ಒಂದು ಸಾಲನ್ನು ಅಳಿಸಿದರೆ ಸಾಕು. ಈಗ ಆ ತಪ್ಪು ಬಂದರೆ ಇಮೇಲ್ ಹೋಗುವುದಿಲ್ಲ, ಅಷ್ಟೇ.

ನೇತುಬಿದ್ದ ಸಂಜೆ

ಒಂದು ಸಂಜೆ ಫೈಬರ್ ಕಡಿದು, ಮೊಬೈಲ್ ಡಾಂಗಲ್‌ಗೆ ಬದಲಿಸುವ ನಡುವೆ ಪ್ರೋಗ್ರಾಂ ಸ್ತಬ್ಧವಾಯಿತು. ಟಿಸಿಪಿ ಸಂಪರ್ಕ ಆಗಿತ್ತು, ಟಿಎಲ್‌ಎಸ್ ಅರ್ಧದಲ್ಲಿತ್ತು. ಟೈಮ್‌ಔಟ್ ಇಡದ ಪೈಥಾನ್ ಸಾಕೆಟ್ ಉತ್ತರಕ್ಕಾಗಿ ಎಷ್ಟು ಹೊತ್ತಾದರೂ ಕಾಯುತ್ತದೆ. ಹೊಸ ಕೋಡ್‌ನಲ್ಲಿ 10 ಸೆಕೆಂಡ್ ಇತ್ತಲ್ಲ ಎಂದರೆ, ಇತ್ತು. ಆದರೆ ಸಂಪರ್ಕವಾದ ಮೇಲೆ ಯಾರೋ ಹಳೆಯ ಒಂದು ಸಾಲು ಉಳಿಸಿಕೊಂಡು ಟೈಮ್‌ಔಟ್ ತೆಗೆದುಹಾಕಿದ್ದರು. ಆ ಸಾಲು ಹೋಯಿತು. ಪೈಥಾನ್ 3.5ರ ನಂತರ ಈ ಅವಧಿ ಕೈಕುಲುಕುವ ಇಡೀ ಹಂತಕ್ಕೆ ಲೆಕ್ಕವಾಗುತ್ತದೆ, ಬೈಟ್‌ಗೊಮ್ಮೆ ಹೊಸದಾಗಿ ಶುರುವಾಗುವುದಿಲ್ಲ. ಹಾಗಾಗಿ 10 ನಿಜವಾಗಿ 10.

ಅದಕ್ಕಿಂತ ಮುಖ್ಯ, ತೂಕ ಮತ್ತು ರವಾನೆಯನ್ನು ಬೇರ್ಪಡಿಸಿದ್ದು. ಚೀಟಿಗಳು ಮೊದಲು ಯಂತ್ರದಲ್ಲೇ ಇರುವ ಎಸ್‌ಕ್ಯೂಲೈಟ್ ಡೇಟಾಬೇಸ್ ಫೈಲ್‌ಗೆ ಬೀಳುತ್ತವೆ. ರವಾನೆಯ ಪ್ರೋಗ್ರಾಂ ಅಲ್ಲಿಂದ ಎತ್ತಿ ಕಳಿಸುತ್ತದೆ, ಸರ್ವರ್ ಅದೇ ಚೀಟಿ ಸಂಖ್ಯೆಯನ್ನು ಮರಳಿ ಹೇಳಿದ ಮೇಲಷ್ಟೇ ‘ಹೋಯಿತು’ ಎಂದು ಗುರುತು ಹಾಕುತ್ತದೆ. ನೆಟ್‌ವರ್ಕ್ ತಪ್ಪಿಗೆ 5 ಸೆಕೆಂಡ್ ಬಿಟ್ಟು ಮರುಯತ್ನ, ಆಮೇಲೆ 10, 20, ಹೀಗೆ ದುಪ್ಪಟ್ಟಾಗುತ್ತ 5 ನಿಮಿಷದವರೆಗೆ. ಸರ್ಟಿಫಿಕೇಟ್ ಪರಿಶೀಲನೆಯ ತಪ್ಪಿಗೆ ಪೈಥಾನ್‌ನಲ್ಲಿ ಪ್ರತ್ಯೇಕ ಎಕ್ಸೆಪ್ಶನ್ ಇದೆ, ಸಂಕೇತದ ಅಂಕಿಯೂ ಅದರಲ್ಲೇ ಸಿಗುತ್ತದೆ. ಅದಕ್ಕೆ ಮರುಯತ್ನವಿಲ್ಲ: ರವಾನೆ ನಿಲ್ಲುತ್ತದೆ, ಪರದೆಯಲ್ಲಿ ಅಂಕಿಯೊಂದಿಗೆ ಕೆಂಪು ಪಟ್ಟಿ ಬರುತ್ತದೆ. 9 ಬಂದರೆ ಗಡಿಯಾರ ನೋಡಿ, 10 ಅಥವಾ 20 ಬಂದರೆ ಬೆಂಗಳೂರಿಗೆ ಫೋನ್ ಮಾಡಿ, 62 ಬಂದರೆ, ಅಂದರೆ ಹೆಸರು ಹೊಂದದಿದ್ದರೆ, ಏನನ್ನೂ ಮುಟ್ಟದೆ ತಿಳಿಸಿ ಎಂದು ಒಂದು ಹಾಳೆಯಲ್ಲಿ ಬರೆದು ಮಾನಿಟರ್ ಪಕ್ಕ ಅಂಟಿಸಲಾಗಿದೆ.

ಸೋಲಬೇಕಾದ ಪರೀಕ್ಷೆಗಳು

ಸಂಪರ್ಕ ಆಗುತ್ತದೆಯೇ ಎಂಬ ಪರೀಕ್ಷೆಯನ್ನು ಹಳೆಯ ಪ್ರೋಗ್ರಾಂ ಆರು ವರ್ಷ ದಿನವೂ ಪಾಸಾಗಿತ್ತು. ಹಾಗಾಗಿ ಈ ಸಲ ಪರೀಕ್ಷೆ ಉಲ್ಟಾ. ಬ್ಯಾಡ್‌ಎಸ್‌ಎಸ್‌ಎಲ್ ಡಾಟ್ ಕಾಮ್ ಎಂಬ ತಾಣದಲ್ಲಿ ಬೇಕೆಂದೇ ಕೆಡಿಸಿಟ್ಟ ಸರ್ವರ್‌ಗಳಿವೆ: ಅವಧಿ ಮುಗಿದದ್ದು, ತಪ್ಪು ಹೆಸರಿನದು, ಸ್ವಯಂ ಸಹಿಯದು, ನಂಬಿಕೆಯಿಲ್ಲದ ಮೂಲದ್ದು. ರವಾನೆಯ ಪ್ರೋಗ್ರಾಂ ನಾಲ್ಕರಲ್ಲೂ ಸೋಲಬೇಕು, ಟೋಕನ್ ಸಾಲು ಹೊರಡುವ ಮೊದಲೇ ಸೋಲಬೇಕು. ಸೋತಿತು. ಕೋಡ್ ಬದಲಾದಾಗಲೆಲ್ಲ ಈ ನಾಲ್ಕನ್ನೂ ಓಡಿಸಿ ನೋಡುವ ಒಂದು ಸಣ್ಣ ಸ್ಕ್ರಿಪ್ಟ್ ಈಗ ಜೊತೆಗಿದೆ. ಸರಿಯಾದ ಸರ್ವರ್‌ನೊಂದಿಗೆ ಆದ ಸಂಪರ್ಕದಲ್ಲಿ ಆವೃತ್ತಿ ಕೇಳಿದರೆ ಟಿಎಲ್‌ಎಸ್ 1.3 ಎಂದು ಬರುತ್ತದೆ. ಅದಕ್ಕಾಗಿ ಬೇರೆ ಏನನ್ನೂ ಮಾಡಬೇಕಾಗಲಿಲ್ಲ.

ಉಳಿದದ್ದು ಟೋಕನ್. ಯಾರೆಂದು ಕೇಳದೆ ಆರು ವರ್ಷ ಒಪ್ಪಿಸುತ್ತಿದ್ದ ಗುಟ್ಟನ್ನು ಗುಟ್ಟೆಂದು ಕರೆಯುವಂತಿಲ್ಲ, ದುರುಪಯೋಗದ ಕುರುಹು ಸಿಗದಿದ್ದರೂ. ಟೋಕನ್ ಮತ್ತು ಇಮೇಲ್ ಪಾಸ್‌ವರ್ಡ್ ಎರಡನ್ನೂ ಬದಲಿಸಲಾಯಿತು, ಹೊಸ ಕೋಡ್ ಓಡಲು ಶುರುವಾದ ಮೇಲೆಯೇ. ಮೊದಲೇ ಬದಲಿಸಿದ್ದರೆ ಹೊಸದೂ ಹಳೆಯ ದಾರಿಯಲ್ಲೇ ಹೋಗುತ್ತಿತ್ತು. ಸಕಲೇಶಪುರದ ಖರೀದಿ ಕೇಂದ್ರದಲ್ಲಿ ಹಳೆಯ ಪ್ರೋಗ್ರಾಂ ಇರುವ ಇನ್ನೊಂದು ಯಂತ್ರ ಇತ್ತು. ಸೀಸನ್ ಮುಗಿಯುವವರೆಗೆ ಅದನ್ನು ಮುಟ್ಟಲು ಒಪ್ಪಿಗೆ ಸಿಗಲಿಲ್ಲ. ಅಲ್ಲಿಯವರೆಗೆ ಅದಕ್ಕೆ ಬೇರೆಯದೇ ಟೋಕನ್ ಕೊಡಲಾಗಿತ್ತು: ಹೊಸ ಚೀಟಿ ಸೇರಿಸಬಹುದು, ಹಳೆಯದನ್ನು ಓದುವಂತಿಲ್ಲ, ತಿದ್ದುವಂತಿಲ್ಲ. ಆ ಟೋಕನ್ ಮಾರ್ಚ್ 31ಕ್ಕೆ ತಾನಾಗಿ ರದ್ದಾಗುವಂತೆ ಇಡಲಾಗಿತ್ತು.